ಮುನಿಗಂಗಮ್ಮ ಕುಡಿದ ನೀರು

ಕಳೆದ ಮೇ ತಿಂಗಳ ಕೊನೆಯ ವಾರ ನನ್ನ ತಂಗಿ ಮುನಿಗಂಗಮ್ಮ ಸ್ವಿಟ್ಜರ್ಲೆಂಡಿನ ಕೂರ್ ಎಂಬ ಪುಟ್ಟ ಹಳೆಯ ನಗರಕ್ಕೆ ಹೋಗಿ ಬಂದಳು. ಅಲ್ಲಿ ಹಿಮ ಕಂಡು ಬೆರಗಾಗಿ ಅತ್ತಳೆಂದು ಶಿಡ್ಲಘಟ್ಟದ ನಮ್ಮ ಬಂಧುಗಳು ಹೇಳಿಕೊಂಡು ತಿರುಗುತ್ತಿದ್ದಾರೆ. ಇದು ಶುದ್ಧ ಸುಳ್ಳು. ಹಿಮವಿದ್ದದ್ದು ದೂರದ ಬೆಟ್ಟಗಳ ನೆತ್ತಿಯ ಮೇಲೆ. ಊರಿನೊಳಗೆ ಚುರುಕು ಬಿಸಿಲಿತ್ತು. ಅವಳು ಅಳಲೂ ಇಲ್ಲ. ಜೊತೆಯಲ್ಲಿದ್ದವನು ನಾನು.

ಮುನಿಗಂಗಮ್ಮ ನಿವೃತ್ತ ಅಂಗನವಾಡಿ ಕಾರ್ಯಕರ್ತೆ. ಗಂಡ ತೀರಿಕೊಂಡ ಮೇಲೆ, ಕೆಲಸದ ಜೊತೆಗೆ ರೇಷ್ಮೆಹುಳುವನ್ನೂ ಸಾಕಿ ಮಗಳು ತನುಜಳನ್ನು ಓದಿಸಿದಳು. ತನುಜ ಈಗ ಕೂರ್‌ನಲ್ಲಿ ಹಳೆಯ ಕಲ್ಲಿನ ಕಟ್ಟಡಗಳ ಸಂರಕ್ಷಣೆ ಕುರಿತು ಸಂಶೋಧನೆ ಮಾಡುತ್ತಿದ್ದಾಳೆ. ನಮ್ಮಿಬ್ಬರನ್ನು ಕರೆಸಿಕೊಂಡವಳು ಅವಳೇ.

ಓಣಿಗಳನ್ನು ಹತ್ತಿ ಇಳಿದು ದಣಿದಿದ್ದೆವು. ಒಂದು ಚರ್ಚಿನ ಮುಂದೆ ದೊಡ್ಡ ಕಲ್ಲಿನ ತೊಟ್ಟಿ, ನಡುವೆ ಕಂಬ, ಕಂಬದ ಕೊಳವೆಗಳಿಂದ ಸದಾ ಸುರಿಯುವ ನೀರು. ತನುಜ ಬಗ್ಗಿ ಕುಡಿದಳು. ಮುನಿಗಂಗಮ್ಮ ನಾಲ್ಕು ಮಾರು ದೂರದಲ್ಲಿ ಸೆರಗು ಹೊದ್ದು, ಬೊಗಸೆ ಒಡ್ಡಿ ನಿಂತಿದ್ದಳು.

"ಅಮ್ಮ, ಯಾಕೆ ಹಂಗ್ ನಿಂತ್ಕೊಂಡೆ? ಬಾ, ಕುಡಿ."

"ಯಾರಾನ ಹುಯ್ಯಲಿ ಕಣೇ."

"ಯಾರಮ್ಮ ಹುಯ್ತಾರೆ? ಇದೇನ್ ಮದುವೆ ಮನೆನಾ, ಬಡಿಸೋಕೆ ಬರ್ತಾರೆ ಅನ್ನೋಕೆ?" ತನುಜ ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು.

ನಮ್ಮ ಹುಟ್ಟೂರಿನ ಬಾವಿ ಗುಡಿಯ ಮುಂದೆಯೇ ಇತ್ತು. ನಮ್ಮ ಕೇರಿಯವರು ಅದರ ಕಟ್ಟೆ ಹತ್ತುವಂತಿರಲಿಲ್ಲ. ಯಾರಾದರೂ ಸೇದಿ ಮೇಲಿನಿಂದ ಹುಯ್ಯುವವರೆಗೆ ಕಾಯಬೇಕಿತ್ತು. ಸಂವಿಧಾನ ಅಸ್ಪೃಶ್ಯತೆಯನ್ನು ರದ್ದುಪಡಿಸಿ ಹದಿನೈದು ವರ್ಷ ಕಳೆದಿದ್ದ ಕಾಲವದು ಎಂಬುದನ್ನು ಓದುಗರು ಗಮನಿಸಬೇಕು. ಎಳೆಯ ಮುನಿಗಂಗಮ್ಮ ಒಂದು ದಿನ ಬಾಯಾರಿಕೆ ತಡೆಯಲಾರದೆ ಬಾವಿಯ ಹಗ್ಗ ಮುಟ್ಟಿದಳು. ಅದಕ್ಕಾಗಿ ನಮ್ಮ ಅವ್ವ ಊರವರ ಮುಂದೆ ಅಡ್ಡಬಿದ್ದಳು. ಆಮೇಲೆ ನಲ್ಲಿ ಬಂತು, ಕೊಳವೆಬಾವಿ ಬಂತು. ಆದರೆ ಗುಡಿಯ ಮುಂದಿನ ನೀರನ್ನು ಅವಳು ಕೈಯಾರೆ ಎಂದೂ ಕುಡಿದಿರಲಿಲ್ಲ. ಅದೆಲ್ಲ ಮುಗಿದ ಕಥೆ ಎನ್ನುವವರು ಆ ಬೊಗಸೆಯನ್ನು ನೋಡಬೇಕಿತ್ತು.

ತನುಜ ತನ್ನ ಅಂಗೈಯಲ್ಲಿ ನೀರು ಹಿಡಿದು ತಂದಳು. ತಾಯಿ ಕೈ ಹಿಂದೆಳೆದುಕೊಂಡಳು.

"ಬ್ಯಾಡ ಕಣವ್ವ. ನೀನ್ ಹುಯ್ದ್ರೂ ಹುಯ್ಸ್ಕಂಡು ಕುಡ್ದಂಗೇ ಆಯ್ತದೆ."

ಅಷ್ಟರಲ್ಲಿ ಆ ಊರಿನ ಮುದುಕಿಯೊಬ್ಬಳು ನಾಯಿಯೊಂದಿಗೆ ಬಂದಳು. ನಾಯಿ ಕೆಳಗಿನ ಕಿರುತೊಟ್ಟಿಗೆ ಬಾಯಿ ಹಾಕಿ ಕುಡಿಯಿತು. ಮುದುಕಿ ಮೇಲಿನ ಕೊಳವೆಯಿಂದ ಕುಡಿದು, ನಮಗೆ ತಲೆಯಾಡಿಸಿ ಹೋದಳು.

"ಅಣ್ಣ, ಇದು ಯಾರ್ದು?"

"ಊರಿನದು."

"ಊರು ಅಂದ್ರೆ ಯಾರ್ಯಾರು?"

"ಎಲ್ಲರೂ ಅಂತ ಹೇಳು ಮಾವ," ಎಂದಳು ತನುಜ.

ಮುನಿಗಂಗಮ್ಮ ತಾನೇ ನಡೆದು ಹೋದಳು. ಬಳೆ ಮುಳುಗುವಷ್ಟು ಎರಡೂ ಕೈಗಳನ್ನು ತೊಟ್ಟಿಯೊಳಗಿಳಿಸಿ, ಚರ್ಚಿನ ಬಾಗಿಲ ಕಡೆ ನೋಡಿದಳು. ಯಾರೂ ಗದರಲಿಲ್ಲ. ಕೈ ಮರಗಟ್ಟುವಷ್ಟು ಹೊತ್ತು ಹಾಗೆಯೇ ಇದ್ದಳು. ಆನಂತರ ಕೊಳವೆಗೆ ಬೊಗಸೆ ಹಿಡಿದು ಕುಡಿದಳು. ಮತ್ತೆ ಹಿಡಿದು ಕುಡಿದಳು.

"ಸಪ್ಪೆ ಐತೆ ಕಣೇ," ಎಂದಳು ಮಗಳಿಗೆ. "ನಮ್ ಬೋರ್‌ವೆಲ್ ನೀರೇ ವಾಸಿ."

ನಂತರ ನನ್ನತ್ತ ತಿರುಗಿದಳು. "ನೀನ್ಯಾಕಣ್ಣ ಅಲ್ಲೇ ನಿಂತೆ? ಸರ್ಕಾರಿ ಆಫೀಸರ್ ಆಗಿದ್ದೋನು, ನಿಂಗೂ ಯಾರಾನ ಹುಯ್ಯಬೇಕಾ?"

ಅದುವರೆಗೆ ನಾನು ಗಮನಿಸಿರಲಿಲ್ಲ. ಅವಳು ನಿಂತಿದ್ದಷ್ಟೇ ದೂರದಲ್ಲಿ ನಾನೂ ನಿಂತಿದ್ದೆ. ಎರಡೂ ಕೈ ಬೆನ್ನ ಹಿಂದಿದ್ದವು. ತಂಗಿ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ನಾನು ಹೋದೆ.