ಕೊನೆಯ ದೋಣಿಯ ದೃಷ್ಟಿ ತೆಗೆದವಳು

ಪೂರ್ವದ ಕಡಲಿಗೆ ಇನ್ನೂ ಬೂದಿಯ ಬಣ್ಣ. ಪೋರ್ತೊ ಸಾನ್ ಲೌರೊ ಬಂದರಿನ ಮೀನು ಹರಾಜಿನ ಮನೆಯಲ್ಲಿ ಮಾತ್ರ ದೀಪಗಳು ಕಣ್ಣು ಕುಕ್ಕುತ್ತಿವೆ. ಬೆಂಚುಗಳಲ್ಲಿ ಕೂತ ಖರೀದಿದಾರರ ಹೆಬ್ಬೆರಳು ಗುಂಡಿಯ ಮೇಲಿದೆ, ಕಣ್ಣು ಗೋಡೆಯ ದೊಡ್ಡ ಪರದೆಯ ಮೇಲೆ. ಅವರೆಲ್ಲರ ಬೆನ್ನಿಗೆ, ಐಸಿನ ನೀರು ಹರಿಯುವ ನೆಲದಲ್ಲಿ, ಖಾಲಿ ಮೀನುಪೆಟ್ಟಿಗೆಯೊಂದನ್ನು ಬೋರಲು ಹಾಕಿಕೊಂಡು ಮಾರ್ಜಿಯಾ ರೊವಿನೆಲ್ಲಿ ಕೂತಿದ್ದಾರೆ. ಕಾಲಿಗೆ ರಬ್ಬರ್ ಬೂಟು, ತೊಡೆಯ ಮೇಲೆ ಲ್ಯಾಪ್‌ಟಾಪ್. ಉಳಿದವರು ಒಂದು ಅಂಕಿ ನೋಡುತ್ತಿದ್ದರೆ ಇವರು ಎರಡನ್ನು ನೋಡುತ್ತಿದ್ದಾರೆ: ಪರದೆ ತೋರಿಸುವ ಬೆಲೆ, ಮತ್ತು ಯಂತ್ರದ ಹೊಟ್ಟೆಯೊಳಗೆ ನಿಜವಾಗಿ ಓಡುತ್ತಿರುವ ಬೆಲೆ. ಒಳಗಿನದನ್ನು ಕಾಣಿಸುವ ಪುಟ್ಟ ಚೌಕವನ್ನು ನಿನ್ನೆಯಷ್ಟೇ ತಾವೇ ಬರೆದು ಸೇರಿಸಿದ್ದಾರೆ.

“ಎರಡು ಅಂಕಿಯೂ ಕೈಕೈ ಹಿಡ್ಕೊಂಡು ಇಳೀತಿದ್ರೆ ಸರಿ,” ಎಂದು, ವರದಿ ಬರೆಯಲು ಬಂದು ಪಕ್ಕದಲ್ಲಿ ನಿಂತ ನನಗೆ ಪಿಸುಗುಡುತ್ತಾರೆ. “ಒಂದು ಕೈ ಬಿಡ್ತೋ, ನನ್ನ ಕಳ್ಳ ಸಿಕ್ಕ ಹಾಗೆ.”

ಇಲ್ಲಿ ಹರಾಜಿನ ಬೆಲೆ ಏರುವುದಿಲ್ಲ, ಇಳಿಯುತ್ತದೆ. ಮೇಲಿನಿಂದ ಸರಸರನೆ ಜಾರುವ ಅಂಕಿಯನ್ನು ಯಾರು ಮೊದಲು ಗುಂಡಿ ಒತ್ತಿ ನಿಲ್ಲಿಸುತ್ತಾರೋ ಮೀನು ಅವರದು. ರೆಪ್ಪೆ ಬಡಿಯುವುದರೊಳಗೆ ವ್ಯಾಪಾರ ಮುಗಿದಿರುತ್ತದೆ. ಆ ಅಂಕಿಯನ್ನು ಓಡಿಸುವ ಪ್ರೋಗ್ರಾಂ ಇರುವುದು ಮೀನುಗಾರರ ಸಂಘದ ಹಳೆಯ ಕಂಪ್ಯೂಟರಿನಲ್ಲಿ. ಅದನ್ನು ಬರೆದುಕೊಟ್ಟ ಕಂಪನಿ ಎಂದೋ ಬಾಗಿಲು ಹಾಕಿಕೊಂಡು ಹೋಗಿದೆ. ಅಂದಿನಿಂದ ಆ ಪ್ರೋಗ್ರಾಮಿನ ತಾಯಿ, ದಾದಿ, ಡಾಕ್ಟರು ಎಲ್ಲ ಮಾರ್ಜಿಯಾ.

ಇವತ್ತು ಅವರು ಇಲ್ಲಿ ಕೂತಿರುವುದು ‘ಸಾಂತಾ ತೆಕ್ಲಾ’ ದೋಣಿಯ ಸಲುವಾಗಿ. ಅದರದು ಮುದಿ ಎಂಜಿನ್ನು, ದಡ ಸೇರುವುದು ಎಲ್ಲರಿಗಿಂತ ತಡ. ಬಂದ ಸರದಿಯಲ್ಲೇ ಮಾರಾಟ ನಡೆಯುವುದರಿಂದ ಹರಾಜಿನಲ್ಲೂ ಅದೇ ಕೊನೆ. ವಸಂತದಿಂದೀಚೆಗೆ ಅದರ ಮೀನು ಉಳಿದ ದೋಣಿಗಳ ಮೀನಿಗಿಂತ ಅಗ್ಗಕ್ಕೆ ಹೋಗುತ್ತಿದೆ. ಸಮುದ್ರ ಅದೇ, ಬಲೆ ಅದೇ, ಐಸೂ ಅದೇ. ದೃಷ್ಟಿ ತಗುಲಿದೆ ಎಂದಿತು ಊರು. ದೋಣಿಯ ಯಜಮಾನ ಸೆತ್ತಿಮಿಯೊ ಅವರ ಹೆಂಡತಿ ತಟ್ಟೆಯ ನೀರಿಗೆ ಎಣ್ಣೆ ಹನಿ ಬಿಟ್ಟು ನೋಡಿದರು. ಹನಿ ಒಡೆದು ಹರಡಿತು, ದೃಷ್ಟಿಯೇ ಎಂದು ಖಾತ್ರಿಯಾಯಿತು. ಇದ್ದ ಇಬ್ಬರು ಆಳುಗಳಲ್ಲಿ ಒಬ್ಬ ಆಗಲೇ ಬೇರೆ ದೋಣಿ ಹತ್ತಿದ್ದಾನೆ. ನಿನ್ನೆ ಕಾಫಿ ಅಂಗಡಿಯಲ್ಲಿ ಎಲ್ಲರ ಎದುರು ಸೆತ್ತಿಮಿಯೊ ಹೇಳಿಬಿಟ್ಟಿದ್ದಾರೆ:

“ನಾಳೆಯೂ ಮಣ್ಣಿನ ಬೆಲೆಗೆ ಹೋದ್ರೆ ಮುಗೀತು. ಸಂಜೆ ಬಂದರು ಕಚೇರಿಗೆ ಹೋಗಿ ದೋಣೀನ ಗರಗಸಕ್ಕೆ ಬರ್ಕೊಟ್ಟು ಬರ್ತೀನಿ.”

ಒಮ್ಮೆ ಬರೆದುಕೊಟ್ಟರೆ ಆಯಿತು, ದೋಣಿಯನ್ನು ಕೊಯ್ದು ಹಾಕುತ್ತಾರೆ, ಮೀನು ಹಿಡಿಯುವ ಪರವಾನಗಿಯೂ ಹೋಗುತ್ತದೆ.

ಮಾರ್ಜಿಯಾರ ತಂದೆ ದುಯಿಲಿಯೊ ಇದೇ ಮನೆಯಲ್ಲಿ ಹರಾಜು ಕೂಗುತ್ತಿದ್ದವರು. ಕೂಗುತ್ತಿದ್ದರು ಅನ್ನುವುದೂ ತಪ್ಪು, ಆಗ ಇಲ್ಲಿ ಕೂಗೇ ಇರಲಿಲ್ಲ. ಖರೀದಿದಾರರು ಒಬ್ಬೊಬ್ಬರಾಗಿ ಬಂದು ತಮ್ಮ ಬೆಲೆಯನ್ನು ಅವರ ಕಿವಿಯಲ್ಲಿ ಉಸುರಿ ಹೋಗುತ್ತಿದ್ದರು. ಎಲ್ಲವನ್ನೂ ಮನಸ್ಸಿನಲ್ಲೇ ತೂಗಿ ಅವರು ಕೊನೆಗೆ ಒಂದು ಹೆಸರು ಹೇಳುತ್ತಿದ್ದರು, ಅದಕ್ಕೆ ಎದುರು ಮಾತಿರಲಿಲ್ಲ. “ಊರು ಊರೇ ಅಪ್ಪನ ಬಲಗಿವಿ ನಂಬಿತ್ತು,” ಎನ್ನುತ್ತಾರೆ ಮಗಳು. “ಯಂತ್ರ ಬಂದ ದಿನ ಅಪ್ಪ ಅದರ ಸುತ್ತ ಒಂದು ಸುತ್ತು ಹಾಕಿ, ‘ಇದರ ಕಿವಿ ಎಲ್ಲಿದೆ, ತೋರ್ಸು’ ಅಂದ್ರು. ನಾನು ಇವತ್ತಿಗೂ ಹುಡುಕ್ತಾನೇ ಇದೀನಿ.”

ಆಗ ಮಾರ್ಜಿಯಾ ಸಂಘದ ಕಿಟಕಿಯಲ್ಲಿ ಚೀಟಿ ಹರಿದುಕೊಡುತ್ತಿದ್ದರು. ಯಂತ್ರ ರಿಪೇರಿಗೆ ಬರುತ್ತಿದ್ದವರ ಬೆನ್ನ ಹಿಂದೆ ನಿಂತು, ಕೇಳಿ, ಬೈಸಿಕೊಂಡು ಕಲಿತರು. ಆಮೇಲೆ ಅಂಕೋನಾ ಪಟ್ಟಣದಲ್ಲಿ ಸಂಜೆ ತರಗತಿ, ಆಗ ಮಗಳು ಹೊಟ್ಟೆಯಲ್ಲಿ. ಈಗ ಹರಾಜಿನ ಪ್ರೋಗ್ರಾಂ, ಐಸ್ ಕಾರ್ಖಾನೆಯದು, ಡೀಸೆಲ್ ಪಂಪಿನದು, ಮೂರೂ ಅವರ ತಲೆಗೇ ಕಟ್ಟಿದೆ. ಬೆಳಗಿನ ಕರೆಗಳ ಭಾಷೆ ಅವರಿಗೆ ಬಾಯಿಪಾಠ. “ಪ್ರಿಂಟರ್ ಸತ್ತಿದೆ” ಅಂದರೆ ಯಾರೋ ಅದರ ಪ್ಲಗ್ ಕಿತ್ತು ಕಾಫಿ ಯಂತ್ರದ್ದನ್ನು ಸಿಕ್ಕಿಸಿದ್ದಾರೆ. “ಒಂದೇ ಚೀಟಿ ಏಳು ಸಲ ಬಂತು” ಅಂದರೆ ಪರದೆ ಕ್ಷಣಕಾಲ ಮರಗಟ್ಟಿದಾಗ ಯಾರೋ ಸಿಟ್ಟಿನಿಂದ ಏಳು ಸಲ ಒತ್ತಿದ್ದಾರೆ, ಎಚ್ಚೆತ್ತ ಪ್ರೋಗ್ರಾಂ ವಿಧೇಯ ಸೊಸೆಯ ಹಾಗೆ ಏಳನ್ನೂ ಮಾಡಿ ಮುಗಿಸಿದೆ. ಮಗಳ ಹಾಲು, ಬಿಸ್ಕತ್ತು ಮೇಜಿನ ಮೇಲಿಟ್ಟು ಕತ್ತಲಲ್ಲಿ ಸೈಕಲ್ ಹತ್ತುವ ಮಾರ್ಜಿಯಾ, ಶಾಲೆಗೆ ಹೊರಡುವ ಮುಂಚೆ ಅವಳ ಮುಖ ನೋಡಬೇಕೆಂದು ಆಸೆಪಡುತ್ತಾರೆ. ನೋಡುವ ದಿನಗಳು ಕಡಿಮೆ.

“ಎಲ್ಲ ಸರಿ ಇದ್ದಾಗ ನಾನೊಬ್ಬಳು ಇದೀನಿ ಅಂತ ಯಾರಿಗೂ ನೆನಪಿರಲ್ಲ. ನನ್ನ ಹೆಸರು ಕೂಗಿದ್ರು ಅಂದ್ರೆ ಏನೋ ಕೆಟ್ಟಿದೆ ಅಂತಲೇ ಅರ್ಥ.”

ಸಾಂತಾ ತೆಕ್ಲಾ ವಿಷಯದಲ್ಲಿ ಯಾರೂ ಕೂಗಿರಲಿಲ್ಲ. ದೃಷ್ಟಿ ತೆಗೆಯಲು ಪ್ರೋಗ್ರಾಂ ಬರೆಯುವವರನ್ನು ಯಾರು ಕರೆಯುತ್ತಾರೆ? ಅವರಿಗೆ ಅನುಮಾನ ಹುಟ್ಟಿಸಿದ್ದು ಒಂದು ಸಿಡಿಲು. ಕಳೆದ ವಾರ ಹರಾಜಿನ ನಡುವೆ ಸಿಡಿಲು ಬಡಿದು ಕರೆಂಟು ಹೋಯಿತು. ಬಂದ ಮೇಲೆ ಎಲ್ಲವನ್ನೂ ಮತ್ತೆ ಶುರು ಮಾಡಿದರು. ಆ ಒಂದು ದಿನ ಸೆತ್ತಿಮಿಯೊ ಮೀನಿಗೆ ನ್ಯಾಯದ ಬೆಲೆ ಬಂತು! ಸಿಡಿಲಿಗೆ ದೃಷ್ಟಿ ಸುಟ್ಟುಹೋಯಿತು ಎಂದು ಜನ ನಕ್ಕರು. ಮರುದಿನ ಮತ್ತೆ ಅದೇ ರಾಗ.

“ನಂಗೆ ನಗು ಬರ್ಲಿಲ್ಲ,” ಎನ್ನುತ್ತಾರೆ ಮಾರ್ಜಿಯಾ. “ಆಫ್ ಮಾಡಿ ಆನ್ ಮಾಡಿದ್ರೆ ಬಿಟ್ಟುಹೋಗೋ ದೃಷ್ಟಿ ನಮ್ಮ ಕಸುಬಿಗೆ ಸೇರಿದ್ದು.”

ಆದರೆ ಕಚೇರಿಯಲ್ಲಿ ಎಷ್ಟು ಓಡಿಸಿದರೂ ಪ್ರೋಗ್ರಾಂ ಒಂದು ಹೆಜ್ಜೆಯನ್ನೂ ತಪ್ಪಲಿಲ್ಲ. ಪರೀಕ್ಷೆಗೆಂದು ನಾಲ್ಕು ಪೆಟ್ಟಿಗೆ ಮಾರಿ ನೋಡಬಹುದು, ಇಡೀ ಬೆಳಗಿನ ಹರಾಜನ್ನು ಮೇಜಿನ ಮೇಲೆ ನಡೆಸುವವರು ಯಾರು? ಅದಕ್ಕೇ ಇವತ್ತು ಇಲ್ಲಿ, ನಿಜವಾದ ಮೀನಿನ ನಡುವೆ, ನಿಜವಾದ ಗಡುವಿನ ಎದುರು ಬಂದು ಕೂತಿದ್ದಾರೆ.

ಹರಾಜು ಓಡುತ್ತಿದೆ. ಪರದೆಯ ಎಡಕ್ಕೆ ದೋಣಿಯ ಫೋಟೊ, ಬಲಕ್ಕೆ ಜಾರುವ ಅಂಕಿ. ಒಂದು ದೋಣಿ, ಇನ್ನೊಂದು, ಮತ್ತೊಂದು. ಹೊರಗಿನ ಬೆಲೆಯೂ ಒಳಗಿನ ಬೆಲೆಯೂ ಜೊತೆಜೊತೆಗೇ ಇಳಿಯುತ್ತಿವೆ. ಹೊರಗೆ ಬೆಳಕು ಹರಿದು, ಸಾಲು ಅರ್ಧ ಕರಗುವ ಹೊತ್ತಿಗೆ ಮಾರ್ಜಿಯಾರ ಬೆನ್ನು ನೆಟ್ಟಗಾಗುತ್ತದೆ. ಪರದೆ ಒಂದು ಕೂದಲೆಳೆ ಹಿಂದೆ ಬಿದ್ದಿದೆ. ಇನ್ನೆರಡು ದೋಣಿ ಕಳೆಯುವಷ್ಟರಲ್ಲಿ ಪೂರಾ ಒಂದು ಯೂರೊ ಹಿಂದೆ. ಕಂಪ್ಯೂಟರಿನ ನೆನಪಿನ ಜಾಗ ಎಷ್ಟು ತುಂಬಿದೆ ಎಂದು ತೋರಿಸುವ ಗೆರೆಯೋ, ಒಂದೊಂದು ಪೆಟ್ಟಿಗೆ ಮಾರಿದಾಗಲೂ ಒಂದೊಂದು ಮೆಟ್ಟಿಲು ಏರುತ್ತಿದೆ, ಇಳಿಯುತ್ತಲೇ ಇಲ್ಲ.

“ಫೋಟೊ,” ಎನ್ನುತ್ತಾರೆ. “ಅಯ್ಯೋ ದೇವರೇ, ಫೋಟೊ. ಹಾಕಿದ್ದು ನಾನೇ.”

ವಸಂತದಲ್ಲಿ ಸಮುದ್ರದ ಹಬ್ಬಕ್ಕೆ ದೋಣಿಗಳಿಗೆಲ್ಲ ಹೊಸ ಬಣ್ಣ ಬಳಿದಿದ್ದರು. ತಮ್ಮ ಚೆಲುವೆಯರ ಫೋಟೊ ಪರದೆಯ ಮೇಲೆ ಬರಲಿ ಎಂದು ಯಜಮಾನರೆಲ್ಲ ಮಾರ್ಜಿಯಾರ ಬೆನ್ನು ಬಿದ್ದರು. ಎಲ್ಲರಿಗಿಂತ ಮೊದಲು ಫೋಟೊ ತಂದುಕೊಟ್ಟವರು ಸೆತ್ತಿಮಿಯೊ. ಗೋಡೆಯಷ್ಟು ದೊಡ್ಡ ಫೋಟೊಗಳು.

ಅಷ್ಟರಲ್ಲಿ ಸಾಂತಾ ತೆಕ್ಲಾದ ಮೊದಲ ಪೆಟ್ಟಿಗೆ ಬಂದಿದೆ, ಹೊಳೆಯುವ ನಂಗು ಮೀನು. ಪರದೆ ಹದಿನಾಲ್ಕು ಯೂರೊ ತೋರಿಸುವಾಗ ಹೋಟೆಲುಗಳಿಗೆ ಮೀನು ಕೊಳ್ಳುವ ಫೌಸ್ತೊ ಗುಂಡಿ ಒತ್ತುತ್ತಾರೆ. ಒಳಗಿನ ಚೌಕದಲ್ಲಿ ಆಗಲೇ ಹನ್ನೊಂದು. ಪರದೆ ಬೆಚ್ಚಿದಂತೆ ಜಿಗಿದು ಹನ್ನೊಂದಕ್ಕೆ ನಿಲ್ಲುತ್ತದೆ. ಅರ್ಧ ಜನ ಆಗಲೇ ಎದ್ದು ಕೋಟು ಹಾಕಿಕೊಳ್ಳುತ್ತಿದ್ದಾರೆ, ಸೆತ್ತಿಮಿಯೊ ಹೊರಗೆ ಇನ್ನೂ ಪೆಟ್ಟಿಗೆ ಇಳಿಸುತ್ತಿದ್ದಾರೆ.

“ಗಾಸ್ತೊನೆ, ನಿಲ್ಸು!” ಮಾರ್ಜಿಯಾ ಎದ್ದು ನಿಂತಿದ್ದಾರೆ.

ಹರಾಜು ನಡೆಸುವ ಗಾಸ್ತೊನೆ ತಲೆ ಎತ್ತುವುದಿಲ್ಲ. “ತಲೆ ಕೆಟ್ಟಿದ್ಯೇನಮ್ಮಾ? ಹೊರಗೆ ಲಾರಿಗಳು ಹಾರ್ನ್ ಹೊಡೀತಿವೆ. ನಿಲ್ಸಿದ್ರೆ ನಾಳೆಯಿಂದ ಪಕ್ಕದ ಬಂದರಿಗೆ ಓಡ್ತಾರೆ. ಇನ್ನು ಒಂದೇ ದೋಣಿ ಇರೋದು, ಸುಮ್ನಿರು.”

“ಆ ಒಂದೇ ದೋಣಿ ಮಾತೇ ಆಡ್ತಿರೋದು ನಾನು.”

ಒದ್ದೆ ನೆಲದ ಮೇಲೆ ದಡದಡ ನಡೆದುಹೋಗಿ ಅವರೇ ನಿಲ್ಲಿಸುವ ಗುಂಡಿ ಒತ್ತುತ್ತಾರೆ. ಪರದೆ ಕಪ್ಪು. ಗದ್ದಲ ಕೇಳಿ ಸೆತ್ತಿಮಿಯೊ ಒಳಗೆ ಬರುತ್ತಾರೆ, ಮೈಮೇಲೆ ಇನ್ನೂ ನೀರು ಸೋರುವ ರೈನ್‌ಕೋಟು.

“ಏನು, ನನ್ನ ಸರದಿಗೆ ಕರೆಂಟೂ ಕೈಕೊಡ್ತಾ?”

“ಇಲ್ಲ ಮಾವ. ನಿಮ್ಮ ದೋಣಿಗೆ ಯಾರ ದೃಷ್ಟಿಯೂ ತಗುಲಿಲ್ಲ. ತಪ್ಪು ನಂದು.” ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಾರೆ. “ಪೆಟ್ಟಿಗೆ ಖಾಲಿ ಮಾಡಿ ಬಾಗಿಲಲ್ಲೇ ಎಸೀತಾ ಹೋದ್ರೆ ಏನಾಗುತ್ತೆ? ಕೊನೆಗೆ ಬಂದವರಿಗೆ ಕಾಲಿಡೋಕೆ ಜಾಗ ಇರಲ್ಲ. ನಾನು ಪ್ರತಿ ಪೆಟ್ಟಿಗೆಗೂ ಒಂದು ಫೋಟೊ ಎತ್ಕೊಂಡು ಬಾ ಅಂತ ಬರೆದೆ, ತೋರ್ಸಿದ ಮೇಲೆ ಕೆಳಗಿಡು ಅಂತ ಬರೀಲಿಲ್ಲ. ಹೊತ್ತು ಹೊತ್ತು ಪರದೆಗೆ ಸುಸ್ತಾಗಿ ಹಿಂದೆ ಬೀಳುತ್ತೆ, ಒಳಗೆ ಬೆಲೆ ಇಳೀತಾನೇ ಇರುತ್ತೆ. ಒತ್ತಿದವರು ನೋಡಿದ್ದೊಂದು ಬೆಲೆ, ನಿಮಗೆ ಸಿಕ್ಕಿದ್ದು ಇನ್ನೊಂದು.”

ಸೆತ್ತಿಮಿಯೊ ನಿಧಾನವಾಗಿ ಬೆಂಚಿನತ್ತ ತಿರುಗುತ್ತಾರೆ. “ಫೌಸ್ತೊ, ಅಂಕಿ ಜಿಗಿಯೋದು ನೀನು ನೋಡಿರ್ಲಿಲ್ವಾ?”

“ನೋಡಿದ್ದೆ.” ಫೌಸ್ತೊ ಟೋಪಿ ಸರಿಮಾಡಿಕೊಳ್ಳುತ್ತಾರೆ. “ದೇವರು ತಟ್ಟೆಗೆ ಹಾಕಿದ್ಮೇಲೆ ಯಾಕಪ್ಪಾ ಅಂತ ಕೇಳೋ ಅಭ್ಯಾಸ ನಮ್ಮ ಮನೇಲಿಲ್ಲ.”

“ದೇವರಲ್ಲ ಕಣೋ, ನಾನು ಹಾಕಿದ್ದು!” ಸೆತ್ತಿಮಿಯೊ ಗದರುತ್ತಾರೆ.

ಯಾರೋ ಕಿಸಕ್ಕೆಂದು ನಗುತ್ತಾರೆ. ಮಾರ್ಜಿಯಾ ನಗುವುದಿಲ್ಲ. ಕೀಲಿಗಳ ಮೇಲೆ ಬಾಗಿ ಫೋಟೊಗಳನ್ನೆಲ್ಲ ತೆಗೆದುಹಾಕಿ ಪ್ರೋಗ್ರಾಮನ್ನು ಹೊಸದಾಗಿ ಎಬ್ಬಿಸುತ್ತಿದ್ದಾರೆ. ಹೊರಗೆ ಹಾರ್ನು ನಿಂತಿಲ್ಲ. ಒಬ್ಬ ಖರೀದಿದಾರ ಎದ್ದು ಹೋಗಿಯೇಬಿಟ್ಟ. ಇನ್ನೊಬ್ಬ ಹೋದರೆ ಉಳಿದವರೂ ಹಿಂದೆ ಹೋಗುತ್ತಾರೆ, ಆಮೇಲೆ ಒಳ್ಳೆಯ ಯಂತ್ರ ಇದ್ದು ಏನು ಪ್ರಯೋಜನ? ಪರದೆ ಮಿನುಗಿ, ಆರಿ, ಮತ್ತೆ ಬೆಳಗುತ್ತದೆ.

“ಮೊದಲನೇ ಪೆಟ್ಟಿಗೆ ಹದಿನಾಲ್ಕಕ್ಕೇ ಬರ್ಕೊ,” ಫೌಸ್ತೊ ಯಾರ ಮುಖವನ್ನೂ ನೋಡದೆ ಗೊಣಗುತ್ತಾರೆ. “ನಾನು ಒತ್ತಿದ್ದು ಹದಿನಾಲ್ಕಕ್ಕೆ.” ಹೇಳಿ ಕೂತುಕೊಳ್ಳುತ್ತಾರೆ. ಅವರು ಕೂತರೆಂದು ಉಳಿದವರೂ ಕೂರುತ್ತಾರೆ.

ಎರಡನೆಯ ಪೆಟ್ಟಿಗೆ. ಹೊರಗಿನ ಅಂಕಿ, ಒಳಗಿನ ಅಂಕಿ, ಒಂದೇ ಉಸಿರಿನಲ್ಲಿ ಇಳಿಯುತ್ತವೆ. ಹದಿನೈದಕ್ಕೆ ಯಾರೋ ಒತ್ತುತ್ತಾರೆ, ಎರಡೂ ಹದಿನೈದಕ್ಕೇ ನಿಲ್ಲುತ್ತವೆ. ಮುಂದಿನದೂ ಹಾಗೇ, ಅದರ ಮುಂದಿನದೂ. ಕೊನೆಯ ಪೆಟ್ಟಿಗೆ ಹೋದ ಮೇಲಷ್ಟೇ ಸೆತ್ತಿಮಿಯೊ ಬಾಯಿ ಬಿಡುತ್ತಾರೆ.

“ನನ್ನ ದೋಣಿ ಫೋಟೊ ಎಲ್ಲಿ?”

“ತೆಗೆದೆ ಮಾವ.”

“ಅಷ್ಟು ಚೆಂದ ಬಂದಿತ್ತಲ್ಲೇ.” ಥ್ಯಾಂಕ್ಸ್ ಎನ್ನುವುದು ಈ ದಡದ ಗಂಡಸರಿಗೆ ಬಾರದ ವಿದ್ಯೆ. ಅವರು ಬಂದರು ಕಚೇರಿಯ ದಾರಿ ಹಿಡಿಯದೆ ನೇರ ಐಸಿನ ಕಿಟಕಿಗೆ ಹೋಗಿ ಬಡಿಯುತ್ತಾರೆ. “ನಾಳೆಗೆ ಐಸು! ಯಾವಾಗ್ಲೂ ತಗೊಳ್ಳೋಷ್ಟೇ!”

ಹಿಂದಿನ ತಿಂಗಳುಗಳ ನಷ್ಟಕ್ಕೆ ಸಂಘದ ಸಭೆ ಏನು ಹೇಳುತ್ತದೋ, ಅದನ್ನು ಹೊರುವವರು ಯಾರೋ ಇನ್ನೂ ಗೊತ್ತಿಲ್ಲ. ಮಾರ್ಜಿಯಾರ ಕೆಲಸಕ್ಕೆ ಕುತ್ತು ಬಂದರೂ ಬರಬಹುದು. ಅವರಿಗೆ ಸದ್ಯ ಇರುವ ಆಸೆ ಬೇರೆ. ಒತ್ತಿದವರು ಯಾವ ಬೆಲೆ ಕಂಡರೋ ಅದೇ ಬೆಲೆಗೆ ಮಾರಾಟವಾಗಬೇಕು, ಯಂತ್ರ ಎಷ್ಟೇ ದಣಿದಿರಲಿ. ಹಾಗೆ ತಿದ್ದಿ ಬರೆಯಲು ಕೂತಿದ್ದಾರೆ. “ಅಪ್ಪನ ಕಿವಿಗೆ ಮೊದಲನೆಯವರೂ ಒಂದೇ, ಕೊನೆಯವರೂ ಒಂದೇ. ಇದಕ್ಕೂ ಅಷ್ಟು ಬಂದ್ರೆ ಸಾಕು.”

ಮರುದಿನ ಬೆಳಿಗ್ಗೆ ಹರಾಜು ಹೇಗಾಯಿತೆಂದು ನಾನು ಫೋನಿನಲ್ಲಿ ಕೇಳಿದೆ. ಹಿನ್ನೆಲೆಯಲ್ಲಿ ಮಗಳು ಶಾಲೆಯ ಚೀಲಕ್ಕಾಗಿ ಕೂಗಾಡುತ್ತಿದ್ದಳು. ಮಾರ್ಜಿಯಾ ಮನೆಯಲ್ಲೇ ಇದ್ದರು.

“ಸಾಂತಾ ತೆಕ್ಲಾ ಕೊನೇಲೇ ಬಂತಂತೆ,” ಎಂದರು. ಮಗಳಿಗೆ ಚೀಲ ಇರುವ ಜಾಗ ಹೇಳಿ ಸೇರಿಸಿದರು: “ನನ್ನ ಹೆಸರು ಯಾರೂ ಕೂಗಲಿಲ್ಲ.”