ಆಯಿಯ ಗಂಗಾಳದಲ್ಲಿ ನನ್ನ ಪಾಲು

ಮಕ್ಕಳಿಗೆ ತಮ್ಮದೇ ಅಂತ ಒಂದು ತಾಟು ಇರಬೇಕು ಎಂದು ಯಾರಿಗೂ ಅನಿಸದಿದ್ದ ಕಾಲ ಅದು. ಟಿಕೋಟಾದ ನಮ್ಮ ಮನೆಯಲ್ಲಿ ಐದು ಮಂದಿಗೆ ಮೂರು ಗಂಗಾಳ. ಅಪ್ಪನಿಗೊಂದು, ಅವ್ವನಿಗೂ ಅವಳ ತೊಡೆ ಬಿಡದ ನನ್ನ ತಮ್ಮನಿಗೂ ಸೇರಿ ಒಂದು, ಆಯಿಗೂ ನನಗೂ ಒಂದು. ಆಯಿ ಅಂದರೆ ಅಪ್ಪನ ತಾಯಿ. ಅವಳ ಗಂಗಾಳ ಹಿತ್ತಾಳೆಯದು, ಒಳಗೆ ಕಲಾಯಿ ಹಾಕಿಸಿದ್ದು, ಇಬ್ಬರು ಕೂತು ಉಂಡರೂ ಕೈಗೆ ಕೈ ತಾಗದಷ್ಟು ಅಗಲ. ಅಂಚಿನಲ್ಲಿ ಒಂದು ಕಡೆ ತಗ್ಗು ಬಿದ್ದಿತ್ತು. ತಗ್ಗಿನ ಕಡೆ ನನ್ನ ಪಾಲು, ಆಚೆ ಕಡೆ ಆಯಿಯದು. ಅಜ್ಜಿಯ ತಾಟಿನಲ್ಲಿ ಉಂಡು ಬೆಳೆದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಬಿಸಿ ರೊಟ್ಟಿಯ ಮೆತ್ತಗಿನ ನಡುಭಾಗ ನಮ್ಮ ಕಡೆಗೆ ಸರಿಯುತ್ತಿತ್ತು, ಗಟ್ಟಿ ಅಂಚು ಹಲ್ಲಿಲ್ಲದವಳ ಪಾಲಿಗೆ ಹೋಗುತ್ತಿತ್ತು. ಅದು ನ್ಯಾಯವೋ ಅನ್ಯಾಯವೋ ಎಂದು ನಾನಂತೂ ಒಂದು ದಿನವೂ ಯೋಚಿಸಲಿಲ್ಲ.

ನಮ್ಮ ಕಡೆ ಊಟ ಅಂದರೆ ರೊಟ್ಟಿ. ಉಳಿದದ್ದೆಲ್ಲ, ಕಾಳಿನ ಪಲ್ಯವಾಗಲಿ ಝುಣಕವಾಗಲಿ ಶೇಂಗಾ ಹಿಂಡಿಯಾಗಲಿ, ಬರೀ ಹಚ್ಚಿಕೊಳ್ಳಲಿಕ್ಕೆ. ಹೊರಗಿನಿಂದ ಬಂದವರು ಯಾರಾದರೂ ಒಲೆಯ ಕಡೆ ನೋಡಿ ಕೇಳುತ್ತಿದ್ದದ್ದೂ ಅದನ್ನೇ: "ಹಚ್ಕೊಳ್ಳಾಕ ಏನ ಮಾಡೀರಿ?" ಉಣ್ಣಲಿಕ್ಕೆ ಏನು ಎಂದು ಕೇಳುವ ಪ್ರಶ್ನೆಯೇ ಇರಲಿಲ್ಲ.

ಆಯಿಗೆ ಸಕ್ಕರೆ ಕಾಯಿಲೆ ಇದೆ ಎಂದು ಮೊದಲು ಗೊತ್ತಾದಾಗ ಮನೆಯವರೆಲ್ಲ ಸೇರಿ ಒಂದು ತಪ್ಪು ಮಾಡಿದೆವು. ಕಾಯಿಲೆಯ ಹೆಸರನ್ನೇ ನಂಬಿಬಿಟ್ಟೆವು. ಸಕ್ಕರೆಯ ಡಬ್ಬಿ ಮೇಲಿನ ಹಲಗೆಗೆ ಹೋಯಿತು, ಚಹಾಕ್ಕೆ ಬೆಲ್ಲ ಬಂತು. "ಡಾಕ್ಟರು ಸಕ್ಕರಿ ಬಿಡು ಅಂದಾರ, ಬೆಲ್ಲ ಬಿಡು ಅಂದಾರೇನು?" ಎಂದು ಆಯಿ ಬಸಿಯಲ್ಲಿ ಚಹಾ ಸುರುವಿಕೊಂಡು ಸೊರ್ರೆಂದು ಕುಡಿಯುತ್ತಿದ್ದಳು. ರೊಟ್ಟಿಯ ಮೇಲಂತೂ ಯಾರಿಗೂ ಅನುಮಾನವೇ ಬರಲಿಲ್ಲ. ರೊಟ್ಟಿ ಸಿಹಿ ಇರುತ್ತದೆಯೇ?

ಆ ವರ್ಷದ ದೀಪಾವಳಿಯ ಹೊತ್ತಿಗೆ ಹೊಲದಲ್ಲಿ ಆಯಿಯ ಕಾಲಿಗೆ ಜಾಲಿ ಮುಳ್ಳು ಚುಚ್ಚಿತು. ಬಬಲೇಶ್ವರದ ದಾರಿಯಲ್ಲಿ ನಮ್ಮದೊಂದು ಸಣ್ಣ ಹೊಲ. ಮುಳ್ಳು ತೆಗೆದು, ಅರಿಶಿನ ಮೆತ್ತಿ, ಮರೆತುಬಿಟ್ಟರು. ಬಲಗಾಲಿನ ಹೆಬ್ಬೆರಳು ಮಾತ್ರ ಮರೆಯಲಿಲ್ಲ. ಹುಣ್ಣು ಕಪ್ಪಾಗುತ್ತ ಬಂದು, ಹಾಸಿಗೆಯ ಹತ್ತಿರ ಕೂತರೆ ವಾಸನೆ ಬರತೊಡಗಿದಾಗ ಅಪ್ಪ ಆಯಿಯನ್ನು ವಿಜಯಪುರಕ್ಕೆ ಕರೆದುಕೊಂಡು ಹೊರಟ. ಆಗೆಲ್ಲ ನಾವು ವಿಜಾಪುರ ಅನ್ನುತ್ತಿದ್ದೆವು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರುವ ಆಸೆಗೆ ನಾನೂ ಅತ್ತು ಹೊರಟೆ.

ಅಲ್ಲಿದ್ದವರು ಹೆಣ್ಣು ಡಾಕ್ಟರು, ನಮ್ಮ ಕಡೆಯ ಮಾತಿನವರೇ. ಕಾಲು ನೋಡಿದ ಮೇಲೆ ಕೇಳಿದರು: "ಆಯಿ, ಒಂದ ಹೊತ್ತಿಗಿ ಎಷ್ಟ ರೊಟ್ಟಿ ಉಣ್ತೀರಿ?"

ಆಯಿಗೆ ಅವಮಾನವಾಯಿತು. "ಉಣ್ಣೂ ರೊಟ್ಟಿ ಯಾರರ ಎಣಸ್ತಾರೇನ್ರಿ ಬಾಯಾರ?"

"ಇನ್ನ ಮ್ಯಾಲ ಎಣಸಬೇಕ್ರಿ. ಒಂದ ಹೊತ್ತಿಗಿ ಒಂದ. ರೊಟ್ಟಿನೂ ಹೊಟ್ಟ್ಯಾಗ ಹೋಗಿ ಸಕ್ಕರಿನ ಆಗ್ತೈತಿ. ಬೆಲ್ಲನೂ ಬ್ಯಾಡ, ಅನ್ನನೂ ಬ್ಯಾಡ. ಕಾಳು, ತೊಪ್ಪಲಾ, ಮಜ್ಜಿಗಿ ತಗೋರಿ. ಪಲ್ಯಾ ಹೊಟ್ಟಿ ತುಂಬ ಉಣ್ರಿ, ರೊಟ್ಟಿ ಹಚ್ಕೋರಿ."

ಬಸ್ಸಿನಲ್ಲಿ ಊರು ಬರುವ ತನಕ ಆಯಿ ಪಕ್ಕದವರಿಗೆಲ್ಲ ಹೇಳಿಕೊಂಡು ನಕ್ಕಳು. "ಪಲ್ಯಾ ಉಣ್ಣಬೇಕಂತವ್ವಾ, ರೊಟ್ಟಿ ಹಚ್ಕೋಬೇಕಂತ!" ಬಸ್ಸೆಲ್ಲ ನಕ್ಕಿತು. ಅಪ್ಪ ಮಾತ್ರ ನಗಲಿಲ್ಲ. ಹೊರಗೆ ನಿಲ್ಲಿಸಿ ಡಾಕ್ಟರು ಅವನೊಬ್ಬನಿಗೆ ಹೇಳಿದ್ದರು: ಸಕ್ಕರೆ ಇಳಿಯದಿದ್ದರೆ ಹೆಬ್ಬೆರಳು ತೆಗೆಯಬೇಕಾದೀತು, ಅದು ಅಲ್ಲಿಗೇ ನಿಲ್ಲುತ್ತದೆ ಎಂದೂ ಹೇಳಲಾಗದು.

ಅಂದಿನಿಂದ ಅವ್ವನ ಅಡುಗೆ ಬದಲಾಯಿತು. ಹುಗ್ಗಿ ನಿಂತಿತು. ರಾತ್ರಿಯ ನುಚ್ಚಿನ ಬದಲು ಬೆಳ್ಳುಳ್ಳಿ ಜಜ್ಜಿದ ಮಜ್ಜಿಗೆ. ಮಡಕಿ ಕಾಳು ಮೊಳಕೆ ಕಟ್ಟಿ ಉಸಳಿ, ದಪ್ಪಗೆ ಕೊಯ್ದ ಝುಣಕ, ಅಗಸಿ ಹಿಂಡಿ, ಹಸಿ ಮೆಂತ್ಯದ ಸೊಪ್ಪು, ಮೂಲಂಗಿ, ಚಳಿಗೆ ಚಿಗುರಿದ ಕಡಲೆ ಸೊಪ್ಪಿನ ಪಲ್ಯ. ಒಲೆ ಮುಂದೆ ಅವ್ವನಿಗೆ ಕೆಲಸ ಎರಡರಷ್ಟಾಯಿತು. ಅದಕ್ಕಿಂತ ಕಷ್ಟದ ಕೆಲಸ ಬಡಿಸುವುದು. ಅತ್ತೆಗೆ ಒಂದೇ ರೊಟ್ಟಿ ಹಾಕಿ ಬುಟ್ಟಿ ಮುಚ್ಚುವಾಗ ಅವ್ವ ತಲೆ ಎತ್ತುತ್ತಿರಲಿಲ್ಲ. ಓಣಿಯವರು ಬಂದು ಕೂತ ದಿನವಂತೂ ಕಳ್ಳತನ ಮಾಡಿದವಳ ಹಾಗೆ ಆಡುತ್ತಿದ್ದಳು. ಅತ್ತೆಗೆ ರೊಟ್ಟಿ ಎಣಿಸುವ ಸೊಸೆ ಎಂದು ಯಾರೂ ಬಾಯಿಬಿಟ್ಟು ಅನ್ನಲಿಲ್ಲ, ಅನ್ನುವ ಮೊದಲೇ ಅವ್ವನಿಗೆ ಕೇಳಿಸುತ್ತಿತ್ತು.

ಇಷ್ಟೆಲ್ಲ ಮಾಡಿದರೂ ಮುಂದಿನ ಸಲ ರಕ್ತ ನೋಡಿಸಿದಾಗ ಸಕ್ಕರೆ ಇಳಿದಿರಲಿಲ್ಲ. ಬೆರಳೂ ಹಾಗೇ ಇತ್ತು.

"ಏನ ಉಣಸಾಕತ್ತಿ ನೀ?" ಎಂದು ಅಪ್ಪ ಅವ್ವನ ಮೇಲೆ ಹರಿಹಾಯ್ದ. ಅವ್ವ ತಾನು ಹಾಕಿದ ರೊಟ್ಟಿಯ ಲೆಕ್ಕ ಒಪ್ಪಿಸಿದಳು, ಅತ್ತಳು. ಮರುದಿನ ಬಡಿಸಿ ಎದ್ದು ಹೋಗದೆ ನಮ್ಮ ಎದುರಿಗೇ ಕೂತು ನೋಡಿದಳು. ನೋಡಿದರೆ, ಒಂದು ಗಂಗಾಳದಲ್ಲಿ ಆಯಿಗೆ ಹಾಕಿದ ರೊಟ್ಟಿ ಒಂದು, ನನಗೆ ಹಾಕಿದ್ದು ಎರಡು. "ಕೂಸು ಹಸದೈತಿ, ಇನ್ನೊಂದ ಹಾಕು" ಎಂದು ಆಯಿ ಹಾಕಿಸಿದ್ದು ಮತ್ತೊಂದು. ನನ್ನ ಹೊಟ್ಟೆಗೆ ಒಂದೇ ಹೆಚ್ಚು. ನನ್ನ ಹೆಸರಿನಲ್ಲಿ ಬಿದ್ದ ರೊಟ್ಟಿ ಮಾತಾಡುತ್ತ ಆಡುತ್ತ ಗಂಗಾಳದ ಆಚೆ ಕಡೆಗೆ ಸರಿದುಹೋಗುತ್ತಿತ್ತು. ಆಯಿ ಕದಿಯುತ್ತಿರಲಿಲ್ಲ, ನಾನೂ ಕೊಡುತ್ತಿರಲಿಲ್ಲ. ಒಂದೇ ತಾಟಿನಲ್ಲಿ ನಂದು ನಿಂದು ಎಂಬುದೇ ಇರಲಿಲ್ಲ, ಅಷ್ಟೇ. ಮೊಮ್ಮಕ್ಕಳು ಬಿಟ್ಟದ್ದನ್ನು ಚೆಲ್ಲದೆ ತಿನ್ನುವುದು ಅವಳು ಜೀವನವಿಡೀ ಮಾಡಿದ ಕೆಲಸ.

ಅವ್ವ ಉಂಡ ಗಂಗಾಳ ಎತ್ತಿಕೊಂಡು ಎದ್ದಳು. ಹಿತ್ತಲಿನಲ್ಲಿ ಪಾತ್ರೆ ತಿಕ್ಕುತ್ತ ಅಪ್ಪನಿಗೆ ಹೇಳಿದ್ದು ನನಗೆ ಕೇಳಿಸಿತು. "ಕೂಸಿಗಿ ಬ್ಯಾರೆ ತಾಟ ತರ್ರಿ. ಅತ್ತೀನ ಕಡಿಂದ ಅದನ್ನ ಎಬ್ಬಿಸಿದ ಪಾಪ ನನಗ ಇರ್ಲಿ. ಬೆರಳ ಉಳದ್ರ ಸಾಕ."

ಅಪ್ಪ ಬಬಲೇಶ್ವರದ ಸಂತೆಯಿಂದ ಒಂದು ಸ್ಟೀಲಿನ ತಾಟು ತಂದ. ಸಣ್ಣದು, ಕನ್ನಡಿಯ ಹಾಗೆ ಹೊಳೆಯುವುದು. ಅಂಗಡಿಯವನು ಮಷೀನು ಗುರ್ರೆನ್ನಿಸಿ ಅದರ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ 'ಕು. ಸುಮಿತ್ರ' ಎಂದು ಹೆಸರು ಕೊರೆದಿದ್ದ. ಕೊನೆಯ ದೀರ್ಘ ಬಿಟ್ಟಿದ್ದ ಎಂದು ನಾನು ತಕರಾರು ತೆಗೆದೆ, ಆದರೂ ನನಗಾದ ಖುಷಿ ಇಷ್ಟಿಷ್ಟಲ್ಲ. ಓಣಿಯಲ್ಲಿ ಯಾವ ಹುಡುಗಿಗೂ ಹೆಸರಿದ್ದ ತಾಟು ಇರಲಿಲ್ಲ. ಆಣಿಕಲ್ಲು ಆಡುವ ಕಟ್ಟೆಗೂ ಅದನ್ನು ಒಯ್ದು ಎಲ್ಲರಿಗೂ ತೋರಿಸಿದೆ. ಮೊದಲು ಓಡಿ ಹೋಗಿ ತೋರಿಸಿದ್ದು ಮಾತ್ರ ಆಯಿಗೆ.

ಆಯಿ ಅದನ್ನು ತಿರುಗಿಸಿ ನೋಡಿದಳು. ಓದು ಬಾರದವಳು ಬೆರಳಿನಿಂದ ಚುಕ್ಕಿಗಳನ್ನು ಸವರಿದಳು. "ಛಲೋ ಐತಿ ಬೇ" ಅಂದಳು. ಆ ಸಂಜೆ ಪಕ್ಕದ ಮನೆಯವಳಿಗೆ ನಗುತ್ತಲೇ ಹೇಳಿದಳು: "ನಮ್ಮ ಮನ್ಯಾಗ ತಾಟ ಬ್ಯಾರೆ ಆದುವು ನೋಡವ್ವಾ." ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಂಡಾಗ ಜನ ಹೇಳುವ ಧಾಟಿಯಲ್ಲೇ ಹೇಳಿದಳು. ಅವ್ವ ಒಳಗೆ ಹೋಗಿಬಿಟ್ಟಳು. ನಾನು ಹೊಸ ತಾಟಿನಲ್ಲಿ ನನ್ನ ಮುಖ ನೋಡಿಕೊಳ್ಳುತ್ತಿದ್ದೆ.

ಬೇರೆ ತಾಟು ಕೆಲಸ ಮಾಡಿತು. ಗುಳಿಗೆ, ವಾರಕ್ಕೊಮ್ಮೆ ಬಸ್ಸು ಹತ್ತಿ ಹೋಗಿ ಕಟ್ಟಿಸಿಕೊಂಡು ಬರುವ ಪಟ್ಟಿ, ಒಂದೇ ರೊಟ್ಟಿ. ಹುಣ್ಣು ಅಂಚಿನಿಂದ ಕೆಂಪಾಗಿ ತುಂಬುತ್ತ ಬಂತು. ಎಳ್ಳ ಅಮಾವಾಸ್ಯೆಗೆ ಸ್ವಲ್ಪ ಮೊದಲು ಡಾಕ್ಟರು ಬೆರಳು ತೆಗೆಯುವ ಮಾತೇ ಇಲ್ಲ ಎಂದರಂತೆ. ಅಪ್ಪ ಬಾಗಿಲಲ್ಲೇ ನಿಂತು ಅದನ್ನು ಹೇಳಿದಾಗ ಅವ್ವ ನಿಂತಲ್ಲೇ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಎಳ್ಳ ಅಮಾವಾಸ್ಯೆ ಅಂದರೆ ಚರಗ. ಹೊಲಕ್ಕೆ ಬುತ್ತಿ ಒಯ್ದು, ಭೂಮಿತಾಯಿಗೆ ಎಡೆ ಮಾಡಿ, ಅದೇ ಎಡೆಯನ್ನು ಚರಗವೆಂದು ಬೆಳೆಯ ಮೇಲೆ ಚೆಲ್ಲಿ, ಎಲ್ಲರೂ ಕೂತು ಉಣ್ಣುವ ದಿನ. ಸಜ್ಜಿ ರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಎಲ್ಲ ಆಗಿತ್ತು. ಆಯಿಗೆಂದು ಅವ್ವ ಮೆಂತ್ಯ ಬೆರೆಸಿ ಅಂಗೈಯಗಲದ ಸಜ್ಜಿ ರೊಟ್ಟಿ ಬೇರೆ ಬಡಿದಿದ್ದಳು. ಬನ್ನಿ ಗಿಡದ ಕೆಳಗೆ ಕಂಬಳಿ ಹಾಸಿದರು. ಎಳ್ಳಿನ ವಾಸನೆ, ಹಸಿ ಕಡಲೆಯ ಹುಳಿ ವಾಸನೆ, ಜೋಳದ ನಡುವೆ ಬೀಸುವ ತಣ್ಣನೆಯ ಗಾಳಿ.

ಅವ್ವ ಬುಟ್ಟಿಯ ತಳದಿಂದ ಆಯಿಯ ಗಂಗಾಳ ಹೊರಗೆ ತೆಗೆದಳು. ಹುಣಸೆಹಣ್ಣು ಹಚ್ಚಿ ತಿಕ್ಕಿ ಬಂಗಾರದ ಹಾಗೆ ಮಾಡಿದ್ದಳು. ಅಷ್ಟು ಭಾರದ ಗಂಗಾಳವನ್ನು ಹೊಲದ ತನಕ ತಲೆಯ ಮೇಲೆ ಹೊತ್ತು ತಂದದ್ದು ಯಾಕೆ ಎಂದು ನನಗೆ ಆಗ ಹೊಳೆಯಲಿಲ್ಲ.

"ಅತ್ತಿ, ಇವತ್ತ ಸುಮಿನ್ನ ಕೂಡಿಸ್ಕೊಂಡ ಉಣ್ರಿ" ಅಂದಳು ಅವ್ವ. "ನಾ ಇಲ್ಲೇ ಕುಂತಿರ್ತೀನಿ."

ಆಯಿಯ ಮುಖ ಅರಳಿದ್ದು ನನಗೆ ಈಗಲೂ ಕಾಣುತ್ತದೆ. ಗಂಗಾಳವನ್ನು ತಿರುಗಿಸಿ ತಗ್ಗು ಇದ್ದ ಕಡೆ ನನ್ನತ್ತ ಮಾಡಿದಳು. "ಬಾ ಬೇ ನನ್ನವ್ವಾ, ಬಾ."

ನಾನು ಅಷ್ಟರಲ್ಲಿ ಪಾಟಿಚೀಲದಿಂದ ನನ್ನ ತಾಟು ಹೊರಗೆ ತೆಗೆದಿದ್ದೆ. ಅದಕ್ಕಾಗಿಯೇ ಪುಸ್ತಕಗಳನ್ನೆಲ್ಲ ಮನೆಯಲ್ಲಿ ಬಿಟ್ಟು ಬಂದಿದ್ದೆ. "ನಂದ ತಾಟ ಐತಲ್ಲಾ ಆಯಿ" ಅಂದೆ.

ಸಿಟ್ಟಿನಿಂದಲ್ಲ, ಸೊಕ್ಕಿನಿಂದಲೂ ಅಲ್ಲ. ನನಗೆ ನನ್ನ ತಾಟಿನಲ್ಲಿ ಉಣ್ಣಬೇಕಿತ್ತು. ಎಂಟು ವರ್ಷದ ಹುಡುಗಿಯ ಮಾತನ್ನು ಯಾರು ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಸಮಾಧಾನವಾಗಿಲ್ಲ.

"ಹೌದಲ್ಲಾ" ಅಂದಳು ಆಯಿ. "ನಿಂದ ಐತಿ. ನಾ ಮರ್ತೇ ಬಿಟ್ಟಿದ್ದೆ ನೋಡ."

ಅಂಗೈಯಗಲದ ರೊಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡು ಉಂಡಳು. ತಗ್ಗಿನ ಕಡೆ ಏನೂ ಹಾಕಿಸಿಕೊಳ್ಳಲಿಲ್ಲ. ಅವ್ವ ಬಡಿಸುವ ಸೌಟು ಹಿಡಿದು ಹಾಗೇ ಕೂತಿದ್ದಳು. ನಾನು ಹೋಳಿಗೆ ಮೇಲೆ ತುಪ್ಪ ಹಾಕಿಸಿಕೊಂಡು ತಿಂದೆ, ಹೊಟ್ಟೆ ತುಂಬ ತಿಂದೆ. ಆಮೇಲೆ ಆಯಿ ಬಹಳ ವರ್ಷ ಇದ್ದಳು. ಹತ್ತೂ ಬೆರಳಿನ ಮೇಲೆ ನಡೆದಾಡಿದಳು, ಹೊಲಕ್ಕೂ ಹೋದಳು. ನನ್ನನ್ನು ಒಂದೇ ತಾಟಿಗೆ ಮತ್ತೆ ಕರೆಯಲಿಲ್ಲ. ನಾನೂ ಹೋಗಿ ಕೂರಲಿಲ್ಲ.

ಈಗ ನಾನಿರುವುದು ವಿಜಯಪುರದಲ್ಲಿ. ಮನೆಯಲ್ಲಿ ಪ್ರತಿಯೊಬ್ಬರಿಗೂ ತಾಟಿದೆ, ಪ್ರತಿಯೊಬ್ಬರ ಊಟದ ಹೊತ್ತೂ ಬೇರೆ. ಮಗಳು ಟ್ಯೂಷನ್‌ಗೆ ಮೊದಲು ಉಣ್ಣುತ್ತಾಳೆ, ಗಂಡ ಅಂಗಡಿಯಿಂದ ಬಂದ ಮೇಲೆ. ಯಾರು ಬಿಟ್ಟದ್ದನ್ನೂ ಯಾರೂ ತಿನ್ನುವುದಿಲ್ಲ, ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿ ಇಡುತ್ತೇವೆ. ಹೋದ ವರ್ಷ ನನಗೂ ಸಕ್ಕರೆ ಕಾಣಿಸಿಕೊಂಡಿತು. ಈಗಿನ ಡಾಕ್ಟರೂ ಆಯಿಗೆ ಹೇಳಿದ್ದನ್ನೇ ಹೇಳಿದರು. ಒಂದು ರೊಟ್ಟಿ, ಪಲ್ಯ ಹೆಚ್ಚು. ಜೊತೆಗೆ ಒಂದು ಹೊಸ ಮಾತು: "ದೊಡ್ಡ ತಾಟಿನ್ಯಾಗ ಉಣ್ಣಬ್ಯಾಡ್ರಿ. ಸಣ್ಣದರಾಗ ಹಾಕೋರಿ, ತುಂಬಿದಂಗ ಕಾಣ್ತೈತಿ."

ಟಿಕೋಟಾದಿಂದ ಬಂದ ಪಾತ್ರೆಗಳ ಚೀಲದಲ್ಲಿ ಹುಡುಕಿದೆ. ಗಂಗಾಳವೂ ಸಿಕ್ಕಿತು, ಅದನ್ನು ಮತ್ತೆ ಚೀಲಕ್ಕೇ ಇಟ್ಟೆ. ಈಗ ದಿನಾ ಮಧ್ಯಾಹ್ನ, ದೀರ್ಘ ಬಿಟ್ಟುಹೋದ ನನ್ನ ಹೆಸರಿನ ತಾಟಿನಲ್ಲಿ, ಪಲ್ಯಕ್ಕೆ ರೊಟ್ಟಿ ಹಚ್ಚಿಕೊಂಡು ಒಬ್ಬಳೇ ಕೂತು ಉಣ್ಣುತ್ತೇನೆ. ಅಳತೆ ಸರಿಯಾಗಿದೆ. ಇನ್ನೊಬ್ಬರ ಕೈಗೆ ಅದರಲ್ಲಿ ಜಾಗವಿಲ್ಲ.