ನಿಪ್ಪಾಣಿಯಲ್ಲಿ ಬಿಟ್ಟುಬಂದ ಉಳ್ಳಾಗಡ್ಡಿ

ಪಾಲಬಾವಿಯಲ್ಲಿ ಬೆಳಗಿನ ಬಸ್ಸು ಹತ್ತಿದಾಗ ನನ್ನ ತಮ್ಮ ಧನಪಾಲ ಸೀದಾ ಕೊನೆಯ ಸೀಟಿಗೆ ಹೋಗಿ ಕೂತ. ಮೊದಲೆಲ್ಲ ಯಾವ ಬಸ್ಸು ಹತ್ತಿದರೂ ಡ್ರೈವರನ ಪಕ್ಕವೇ ಕೂತು ಅವನು ಗೇರು ಹಾಕುವುದರಲ್ಲಿ ತಪ್ಪು ಹುಡುಕುತ್ತಿದ್ದ. ಈಗ ಯಾರ ಕಣ್ಣಿಗೂ ಬೀಳುವುದು ಬೇಡವಾಗಿತ್ತು.

ಅವನು ಶಾಲೆಯ ಗಾಡಿಯ ಡ್ರೈವರ್. ಕುಡಿತ ಬಿಟ್ಟು ತಿಂಗಳುಗಳಾದ ಮೇಲೆ ಒಂದು ಸಂಜೆ, ಸ್ವಾತಿ ಎಂಬ ಒಂದನೆಯ ಇಯತ್ತೆಯ ಹುಡುಗಿಯನ್ನು ಮಾಳಿ ತೋಟದ ತಿರುವಿನಲ್ಲಿ ಇಳಿಸುವುದನ್ನೇ ಮರೆತ. ಮಗು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿತ್ತು. ಇವನು ಗಾಡಿಗೆ ಕೀಲಿ ಹಾಕಿ ಮನೆಗೆ ಬಂದುಬಿಟ್ಟ. ಅಳು ಯಾರಿಗೋ ಕೇಳಿಸಿತು, ಸದ್ಯ. ಬಾವಿಗೆ ಬಿದ್ದವನ ಮೇಲೆ ಆಳಿಗೊಂದು ಕಲ್ಲು. ಮತ್ತೆ ಕುಡಿದಿದ್ದ ಎಂದು ಊರೆಲ್ಲ ಅಂದಿತು. ಕುಡಿದಿರಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ.

ಕುಡಿತ ತಲೆಯನ್ನು ಎಷ್ಟು ತಿಂದಿದೆ ಎಂದು ನೋಡುವ ಯಂತ್ರವೊಂದನ್ನು ಹೊರಗಿನ ಡಾಕ್ಟರರು ನಿಪ್ಪಾಣಿಗೆ ತಂದಿದ್ದರು. ಅವರು ಸರಿ ಅಂದರೆ ಗಾಡಿಯ ಕೀಲಿ ವಾಪಸು ಎಂದು ಶಾಲೆಯವರು ಹೇಳಿದ್ದರು. ಕೀಲಿ ಬಂದರೆ ನಿಪ್ಪಾಣಿ ಹತ್ತಿರದ ಭೋಜ ಎಂಬ ಊರಿನ ತವರಿನಲ್ಲಿ ಕೂತಿದ್ದ ಹೆಂಡತಿಯೂ ಬಂದಾಳು ಎಂಬ ಆಸೆ ಅವನಿಗೆ.

ರಾಯಬಾಗ ದಾಟುವವರೆಗೂ ಕಬ್ಬಿನ ಮೇಲೆ ಮಂಜಿತ್ತು. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಬೇಕು. ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಉಸುಳಿ ತರಿಸಿದೆವು. ಹೋಟೆಲಿನವನು ಮೇಲೆ ಉದುರಿಸಲು ಕೈ ಎತ್ತುತ್ತಿದ್ದಂತೆ ಧನಪಾಲ, "ಉಳ್ಳಾಗಡ್ಡಿ ಹಾಕಬ್ಯಾಡ್ರಿ" ಅಂದ. ನಾವು ಜೈನರು, ನೆಲದೊಳಗೆ ಬೆಳೆಯುವ ಗಡ್ಡೆ ನಮ್ಮ ಮನೆಯೊಳಗೆ ಬರುವುದಿಲ್ಲ.

ನನ್ನ ನಾಲಿಗೆ ಸುಮ್ಮನಿರುತ್ತದೆಯೇ? "ಇಷ್ಟ ವರ್ಷ ಸೆರೆ ಕುಡ್ಯೂದು ನಡೀತು, ಉಳ್ಳಾಗಡ್ಡಿ ನಡ್ಯಾಂಗಿಲ್ಲೇನಲೇ?"

"ಬಿಟ್ಟೀನಲ್ಲ ಅಕ್ಕಾ," ಅಂದ. ತಟ್ಟೆಯಿಂದ ತಲೆ ಎತ್ತಲಿಲ್ಲ.

ಅಲ್ಲಿಂದ ಮುಕ್ಕಾಲು ತಾಸಿನ ದಾರಿ. ನಿಪ್ಪಾಣಿಯಲ್ಲಿ ಇಳಿದಾಗ ತಂಬಾಕಿನ ಘಾಟು ಮೂಗಿಗೆ ಬಡಿಯಿತು. ದವಾಖಾನೆಯ ಮಹಡಿಯ ಮೇಲಿನ ಕೋಣೆಯಲ್ಲಿ, ಮೈಸೂರಿನ ಕಡೆಯ ಮಾತಿನ ಡಾಕ್ಟರಮ್ಮ ಒಬ್ಬರು ಅವನ ಕಣ್ಣಿಗೆ ಕರಿ ಡಬ್ಬಿಯಂಥದ್ದನ್ನು ಕಟ್ಟಿ, ಎರಡೂ ಕೈಗೆ ಹಿಡಿಕೆ ಕೊಟ್ಟರು. ಅವನಿಗೆ ಕಾಣುವುದೆಲ್ಲ ಪಕ್ಕದ ಪರದೆಯಲ್ಲಿ ನನಗೂ ಕಾಣುತ್ತಿತ್ತು. ಅದೊಂದು ಪೇಟೆ. ಅಂಗಡಿಗಳು, ಓಡಾಡುವ ಜನ, ಮಧ್ಯದಲ್ಲೊಂದು ಬಾರು.

"ಧನಪಾಲ್ ಅವರೇ, ಸಕ್ಕರೆ, ಸೋಪು, ಈರುಳ್ಳಿ, ಬಾಳೆಹಣ್ಣು. ಈರುಳ್ಳಿ ಅಂದ್ರೆ ನಿಮ್ಮ ಉಳ್ಳಾಗಡ್ಡಿ. ಇಷ್ಟೂ ತಗೊಂಡು ಹೊರಟ ಜಾಗಕ್ಕೇ ಬನ್ನಿ."

ಸಕ್ಕರೆ ತಗೊಂಡ. ಸೋಪು ತಗೊಂಡ. ಬಾರಿನ ಮುಂದೆ ಬಂದಾಗ ಪರದೆ ನಿಂತೇಬಿಟ್ಟಿತು. ಒಳಗೆ ಬಾಟಲಿಗಳ ಸಾಲು ಕಾಣುತ್ತಿತ್ತು. ಅವನ ಕುತ್ತಿಗೆಯಲ್ಲಿ ಬೆವರಿಳಿಯಿತು. ಆಮೇಲೆ ಮುಖ ತಿರುಗಿಸಿ ಮುಂದೆ ನಡೆದ. ಗೆದ್ದ ನನ್ನ ತಮ್ಮ ಎಂದುಕೊಂಡೆ.

ಕಾಯಿಪಲ್ಲೆ ಅಂಗಡಿಯಲ್ಲಿ ಉಳ್ಳಾಗಡ್ಡಿಯ ರಾಶಿಯ ಮುಂದೆ ಬಹಳ ಹೊತ್ತು ನಿಂತ. ಕೈ ಮುಂದೆ ಹೋಯಿತು, ಹಿಂದೆ ಬಂತು. ಬಾಳೆಹಣ್ಣು ಮಾತ್ರ ತಗೊಂಡು ವಾಪಸಾದ. ಡಾಕ್ಟರಮ್ಮ ಪೆನ್ನು ಎತ್ತಿದರು.

"ಬರೀಬ್ಯಾಡ್ರಿ ಡಾಕ್ಟರಬಾಯಾರ," ಎಂದು ನಾನು ಎದ್ದೇ ನಿಂತೆ. "ನಾವು ಜೈನರದೀವ್ರಿ. ಉಳ್ಳಾಗಡ್ಡಿ ಮುಟ್ಟಂಗಿಲ್ಲ. ಮುಂಜಾನೆ ಹೋಟೆಲದಾಗೂ ಬ್ಯಾಡಂದಾನ."

ಅವರ ಪೆನ್ನು ನಿಂತಿತು. "ಅಯ್ಯೋ, ಇದು ನಮಗೆ ಹೊಳೀಲೇ ಇಲ್ಲ. ಹಾಗಾದ್ರೆ ಇದನ್ನ ಮರೆವು ಅಂತ ಬರೆಯೋಕಾಗಲ್ಲ."

ಕೀಲಿ ಕೈಗೆ ಬಂದಷ್ಟೇ ಖುಷಿಯಾಯಿತು ನನಗೆ.

ಧನಪಾಲ ಡಬ್ಬಿ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. "ಇಲ್ರಿ ಮೇಡಂ. ಮರತದ್ದ ಖರೇ. ಆ ರಾಶಿ ಮುಂದ ನಿಂತಾಗ ಏನ ತಗೊಳ್ಳಾಕ ಬಂದೀನಿ ಅನ್ನೂದ ಹಾರಿಹೋತು. ಆ ಹುಡುಗಿ ಇಳಿಸೂ ಹೊತ್ತಿಗೂ ಹಿಂಗ ಆಗಿತ್ತು."

ಡಾಕ್ಟರಮ್ಮ ಅವನಿಂದ ಇನ್ನೂ ಏನೇನೋ ಮಾಡಿಸಿ ನೋಡಿದರು. ಕೊನೆಗೆ, ಸದ್ಯಕ್ಕೆ ಗಾಡಿ ಬೇಡ, ಔಷಧಿ ಇದೆ, ಕುಡಿತ ಹೀಗೇ ದೂರವಿದ್ದರೆ ನೆನಪು ಸುಧಾರಿಸಬಹುದು, ಕೆಲವು ತಿಂಗಳು ಬಿಟ್ಟು ಮತ್ತೆ ನೋಡೋಣ ಅಂದರು.

ಹೊರಗೆ ಬಂದದ್ದೇ ನನ್ನ ಸಿಟ್ಟು ನೆತ್ತಿಗೇರಿತು. "ಬಾಯಿಗೆ ಬಂದ ತುತ್ತಲೇ ಅದು! ಸುಮ್ನ ಇದ್ದಿದ್ರ ನಿನ್ನ ಗಂಟೇನ ಹೋಗ್ತಿತ್ತು?"

"ಆ ಹುಡುಗಿ ಅವ್ವ ನೀ ಆಗಿದ್ರ, ನನ್ನ ಗಾಡ್ಯಾಗ ಕಳಸ್ತಿದ್ದೇನಕ್ಕಾ?"

ಭೋಜಕ್ಕೆ ಹೋಗಿ ಹೆಂಡತಿಯನ್ನು ನೋಡಿ ಬರೋಣವೇ ಅಂದೆ. "ಇವತ್ತ ಬ್ಯಾಡ" ಅಂದ.

ಬರುವಾಗ ನನ್ನ ಪಕ್ಕದಲ್ಲೇ ಕೂತ. ನಮ್ಮೂರು ಹತ್ತಿರವಾಗಿ ಶಾಲೆಯ ಗಾಡಿ ಓಡಾಡುವ ದಾರಿ ಬಂದಾಗ ಕಿಟಕಿಗೆ ಮುಖ ಹಚ್ಚಿ ಮೆಲ್ಲಗೆ ಹೇಳತೊಡಗಿದ. "ಇಲ್ಲಿ ಪ್ರಜ್ವಲ ಇಳೀತಾನ. ಆ ಬೇವಿನ ಗಿಡದ ಹಂತೇಕ ಅಕ್ಕಾತಂಗಿ, ಪೂಜಾ, ಪ್ರೀತಿ." ಸಂಜೆಯ ಬಿಸಿಲು ಅವನ ಮುಖದ ಮೇಲಿತ್ತು. ಒಂದು ಹೆಸರೂ ತಪ್ಪಲಿಲ್ಲ. ಡಾಕ್ಟರಮ್ಮನನ್ನು ಇಲ್ಲಿಗೇ ಕರೆತರಬೇಕಿತ್ತು ಅನ್ನಿಸಿತು.

ಮಾಳಿ ತೋಟದ ತಿರುವು ಬಂತು. ಅವನ ತುಟಿ ಅಲುಗಿತು, ಹೆಸರು ಬರಲಿಲ್ಲ. ಬಸ್ಸು ತಿರುಗಿಕೊಂಡಿತು. ಕತ್ತು ಹೊರಳಿಸಿ ಆ ತಿರುವನ್ನೇ ನೋಡುತ್ತ, ನನ್ನ ಕೈ ಹಿಡಿದುಕೊಂಡ.

"ಸ್ವಾತಿ," ಅಂದೆ ನಾನು.

"ಸ್ವಾತಿ," ಅಂದ ಅವನು. ಊರು ಬರುವವರೆಗೂ ಅದೊಂದೇ ಹೆಸರನ್ನು ಹೇಳಿಕೊಳ್ಳುತ್ತಿದ್ದ.